ಹಂಚಿನ ಮಾಡಿನ ಆಚಾರ್ರು



ನಮ್ಮ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಒಂದು ಮನೆ ಹೇಗಿದೆ ಎಂದು ತಿಳಿಯಬೇಕಾದರೆ ಗೃಹಪ್ರವೇಶದ ದಿನ ಹೋಗಿ ಪ್ರಯೋಜನವಿಲ್ಲ. ಆರಿದ್ರಾ ಮುಗಿದು ಪುನರ್ವಸು ಮಳೆ ಹಿಡಿದ ಮೇಲೆ ಹೋಗಬೇಕು. ಗೋಡೆಯ ಬಣ್ಣ, ನೆಲದ ಹೊಳಪು ಎಲ್ಲ ಆಮೇಲಿನ ಮಾತು. ನಡುಮನೆಯಲ್ಲಿ ಪಾತ್ರೆ ಇಟ್ಟಿದ್ದಾರೋ ಇಲ್ಲವೋ ನೋಡಿ, ಅಷ್ಟು ಸಾಕು.

ಈ ಹೊತ್ತು ನಾನು ನೆನೆಯಹೊರಟಿರುವುದು ಮೂಡಿಗೆರೆಗೂ ಕಳಸಕ್ಕೂ ನಡುವಿನ ಕಾಫಿ ಸೀಮೆಯಲ್ಲಿ ಆಯಸ್ಸು ಪೂರ್ತಿ ಹಂಚಿನ ಮಾಡು ಕಟ್ಟಿದ ಒಬ್ಬ ಆಚಾರ್ರನ್ನು. ತೊಂಬತ್ತು ದಾಟಿ ತೀರಿಕೊಂಡರು. ಹೆಸರು ಹೇಳುವುದಿಲ್ಲ. ರೇಡಿಯೋದಲ್ಲಿ ತಮ್ಮ ಹೆಸರು ಬರುವುದು ಅವರಿಗೆ ಸರಿಬರುತ್ತಿರಲಿಲ್ಲ. ಊರು ಕರೆದದ್ದೂ ಬರೀ ಆಚಾರ್ರು ಅಂತಲೇ. ಅವರ ಹೆಂಡತಿ ಆಚಾರ್ತಮ್ಮ. ಮೂಡಿಗೆರೆ ಎಂದ ಕೂಡಲೇ ತೇಜಸ್ವಿಯವರ ಕಥೆಯ ಪಾತ್ರದಂತಿದ್ದರು ಎಂದುಬಿಡುವ ಚಾಳಿ ನಮಗೆಲ್ಲ ಇದೆ. ಇವರು ಹಾಗಿರಲಿಲ್ಲ. ಅಷ್ಟು ಮಾತೂ ಇರಲಿಲ್ಲ, ಅಷ್ಟು ತಮಾಷೆಯೂ ಇರಲಿಲ್ಲ. ತಮಾಷೆಯ ಖಾತೆ ಆಚಾರ್ತಮ್ಮನದು.

ಅವರ ಕಸುಬು ಅರ್ಥವಾಗಬೇಕಾದರೆ ಮೊದಲು ಹಂಚಿನ ಕಥೆ ಸ್ವಲ್ಪ ಹೇಳಬೇಕು. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬಾತ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ. 1868ರಲ್ಲಿ ಆಲ್ಬುಕರ್ಕ್ ಮನೆತನದವರ ಕಾರ್ಖಾನೆ ಶುರುವಾಯಿತು. ಆಮೇಲೆ ನೇತ್ರಾವತಿ ನದಿಯ ದಡದುದ್ದಕ್ಕೂ ಹೊಗೆಕೊಳವೆಗಳು ಎದ್ದವು. ಆ ನದಿಯ ಬಯಲಿನ ಜೇಡಿಮಣ್ಣೇ ಅದಕ್ಕೆಲ್ಲ ಆಧಾರ. ಆ ನೇತ್ರಾವತಿ ಹುಟ್ಟುವುದು ನಮ್ಮ ಕುದುರೆಮುಖದ ಸಾಲಿನಲ್ಲಿ. ಅಂದರೆ ಇಲ್ಲಿನ ಮಳೆ ಕೊಚ್ಚಿಕೊಂಡು ಹೋದ ಮಣ್ಣು ಕೆಳಗೆ ಬೆಂದು ಹಂಚಾಗಿ, ಚಾರ್ಮಾಡಿ ಘಾಟಿ ಹತ್ತಿ, ಕೊಟ್ಟಿಗೆಹಾರ ದಾಟಿ, ಅದೇ ಮಳೆಯನ್ನು ತಡೆಯುವುದಕ್ಕೆ ವಾಪಸು ಬರುತ್ತಿತ್ತು. ಮೊದಲು ಎತ್ತಿನ ಗಾಡಿಯಲ್ಲಿ, ಆಮೇಲೆ ಲಾರಿಯಲ್ಲಿ. ಹಂಚಿನ ಹಿಂದೆಯೇ ಅದನ್ನು ಹೊದಿಸಬಲ್ಲ ಕೈಗಳೂ ಘಾಟಿ ಹತ್ತಿದವು. ನಮ್ಮ ಆಚಾರ್ರ ತಂದೆ ಬಂದದ್ದೂ ಹಾಗೆಯೇ, ಮಗನನ್ನು ಕಟ್ಟಿಕೊಂಡು, ಬೆಳ್ತಂಗಡಿಯ ಕಡೆಯಿಂದ. ಮನೆಯೊಳಗೆ ತುಳು, ಹೊಸ್ತಿಲಾಚೆ ಕನ್ನಡ.

ಹಳೇ ಬಂಗಲೆಯ ಕೆಲಸಕ್ಕೆ ಕರೆದರೆ ಆಚಾರ್ರು ಮೊದಲು ಒಂದು ಹಂಚು ತೆಗೆದು ಬೆನ್ನು ತಿರುಗಿಸಿ ನೋಡುತ್ತಿದ್ದರು. ಕಾರ್ಖಾನೆಯ ಹೆಸರು ಅಲ್ಲಿ ಅಚ್ಚೊತ್ತಿರುತ್ತದೆ. ಬಾಸೆಲ್ ಮಿಷನ್ ಎಂದಿದ್ದರೆ ಮೊದಲ ಮಹಾಯುದ್ಧಕ್ಕಿಂತ ಹಿಂದಿನದು. ಕಾಮನ್‌ವೆಲ್ತ್ ಎಂದಿದ್ದರೆ ಯುದ್ಧವಾದ ಮೇಲೆ ಆ ಕಾರ್ಖಾನೆಗಳು ಬೇರೆ ಟ್ರಸ್ಟಿನ ಕೈಗೆ ಹೋದ ಕಾಲದ್ದು. ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಅಕ್ಷರದ ಆಕಾರದಿಂದಲೇ ಗುರುತು ಹಿಡಿದು ಮನೆಯ ವಯಸ್ಸು ಹೇಳುತ್ತಿದ್ದರು. ಎಸ್ಟೇಟಿನ ಕಾಗದಪತ್ರ ತೆಗೆದು ನೋಡಿದರೆ ಹೆಚ್ಚುಕಮ್ಮಿ ತಾಳೆಯಾಗುತ್ತಿತ್ತು.

ಹಂಚು ಹೊದಿಸುವುದರಲ್ಲಿ ಏನು ಮಹಾ ಕಲೆ ಎನ್ನುವವರಿಗೆ ಒಂದು ಸಂಗತಿ ಹೇಳುತ್ತೇನೆ. ಮಂಗಳೂರು ಹಂಚಿನ ಅಡಿಯಲ್ಲಿ ಎರಡು ಗುಬುಟುಗಳಿರುತ್ತವೆ. ಆ ಗುಬುಟು ರೀಪಿಗೆ ಸಿಕ್ಕಿಕೊಂಡು ಕೂರಬೇಕು, ಮೇಲಿನ ಹಂಚು ಕೆಳಗಿನದರ ತಲೆಯ ಮೇಲೆ ಸರಿಯಾಗಿ ಏರಬೇಕು. ರೀಪಿನಿಂದ ರೀಪಿಗೆ ಎಷ್ಟು ಅಂತರ ಎಂಬುದರಲ್ಲಿ ಇಡೀ ಮಾಡಿನ ಭವಿಷ್ಯ ಇದೆ. ಸುಮಾರು ಹನ್ನೆರಡೂವರೆ ಇಂಚು ಎಂದು ಎಲ್ಲರೂ ಹೇಳುತ್ತಾರೆ. ಆಚಾರ್ರು ಆ ಲೆಕ್ಕ ಕೇಳಿಸಿಕೊಳ್ಳುತ್ತಿದ್ದರು, ತಲೆಯಾಡಿಸುತ್ತಿದ್ದರು, ಪಾಲಿಸುತ್ತಿರಲಿಲ್ಲ. ಬಂದಿಳಿದ ಹಂಚಿನ ರಾಶಿಯಿಂದ ಹತ್ತನ್ನು ಅಲ್ಲೊಂದು ಇಲ್ಲೊಂದು ಆರಿಸಿ, ನೆಲದ ಮೇಲೆ ಒಂದಕ್ಕೊಂದು ಸಿಕ್ಕಿಸಿ ಸಾಲಾಗಿ ಇಡುತ್ತಿದ್ದರು. ಒಮ್ಮೆ ಬಿಗಿಯಾಗಿ ಒತ್ತಿ ಉದ್ದ ನೋಡುವುದು, ಇನ್ನೊಮ್ಮೆ ಜಗ್ಗಿ ಸಡಿಲ ಬಿಟ್ಟು ನೋಡುವುದು. ಆ ಎರಡರ ನಡುವಿನದನ್ನು ಹಿಡಿದು, ಒಂದು ಹಂಚಿಗೆ ಎಷ್ಟು ಬೀಳುತ್ತದೋ ಅಷ್ಟುದ್ದಕ್ಕೆ ಒಂದು ಬಿದಿರ ಕಡ್ಡಿ ಕತ್ತರಿಸಿಕೊಳ್ಳುತ್ತಿದ್ದರು. ಆ ಮನೆಗೆ ಆ ಕಡ್ಡಿಯೇ ಅಳತೆ. ಒಂದೊಂದು ಕಾರ್ಖಾನೆಯ ಹಂಚು ಒಂದೊಂದು ಬಗೆ, ಒಂದೇ ಕಾರ್ಖಾನೆಯದಾದರೂ ಭಟ್ಟಿಯಿಂದ ಭಟ್ಟಿಗೆ ಕೂದಲೆಳೆ ಫರಕು. ಜೇಬಿನಲ್ಲಿ ಟೇಪು ಇರುತ್ತಿತ್ತು, ಮಾಲೀಕರ ಸಮಾಧಾನಕ್ಕೆ. ಕೆಲಸ ಮುಗಿದ ದಿನ ಕಡ್ಡಿಯನ್ನು ಅದೇ ಮನೆಯ ಗೋಡೆಯ ಮೇಲೆ, ಪಕಾಸಿನ ಸಂದಿಯಲ್ಲಿ ಸಿಕ್ಕಿಸಿ ಬರುತ್ತಿದ್ದರು. ನಮ್ಮ ಮನೆಯಲ್ಲಿ ಇನ್ನೂ ಇದೆ, ಹೊಗೆ ಹಿಡಿದು ಕಪ್ಪಾಗಿದೆ.

ಮರದ ವಿಷಯದಲ್ಲಿ ಬಲು ಹಠಮಾರಿ. ತೊಲೆಗೆ ಹೆಬ್ಬಲಸು, ಪಕಾಸಿಗೆ ನಂದಿ ಅಥವಾ ಮತ್ತಿ, ಬಾಗಿಲಿಗೆ ಹಲಸು. ಬೀಟೆಯನ್ನು ಮಾಡಿಗೆ ಹಾಕುವುದು ದುಂದು ಎನ್ನುತ್ತಿದ್ದರು. ಕಾಫಿ ತೋಟದ ನೆರಳಿಗೆ ಎಲ್ಲರೂ ಸಿಲ್ವರ್ ಓಕ್ ನೆಟ್ಟುಬಿಟ್ಟಿದ್ದಾರೆ; ಬೇಗ ಬೆಳೆಯುತ್ತದೆ, ಕಡಿಯಲು ಪರವಾನಗಿಯ ರಗಳೆಯಿಲ್ಲ. ಆದರೆ ಆಚಾರ್ರು ಸಿಲ್ವರ್ ಮರವನ್ನು ಮಾಡಿಗೆ ಮುಟ್ಟುತ್ತಿರಲಿಲ್ಲ. ಹುಳ ತಿನ್ನುತ್ತದೆ ಎಂಬುದು ಒಂದು ಕಾರಣ. ಒಂದು ಹಂಚು ಎರಡು ಮೂರು ಕೆಜಿ, ಮಳೆಗಾಲದಲ್ಲಿ ನೀರು ಕುಡಿದು ಇನ್ನೂ ಭಾರ, ಅಂಥವು ಸಾವಿರಗಟ್ಟಲೆ ಮೂರು ನಾಲ್ಕು ತಿಂಗಳು ಬಿಡದೆ ಕೂತಿರುತ್ತವೆ ಎಂಬುದು ಇನ್ನೊಂದು. ಕುದುರೆಮುಖದ ಸುತ್ತ ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆಯ ಲೆಕ್ಕ ಹೇಳುತ್ತಾರೆ. ಅದನ್ನು ತಲೆಯ ಮೇಲೆ ಹೊರುವ ಮರ ಯಾವುದು ಎಂಬುದು ಹುಡುಗಾಟದ ಪ್ರಶ್ನೆಯಲ್ಲ.

ಅವರ ನಿಜವಾದ ಕೈಚಳಕ ಕಾಣುತ್ತಿದ್ದದ್ದು ಎರಡು ಮಾಡು ಕೂಡುವ ಕಣಿವೆಯಲ್ಲಿ. ಅಲ್ಲಿ ಎರಡೂ ಕಡೆಯ ನೀರು ಒಟ್ಟಿಗೆ ಬರುತ್ತದೆ, ತರಗೆಲೆಯೂ ಬರುತ್ತದೆ. ತಗಡಿನ ದೋಣಿ ಕೂರಿಸಿದ ಮೇಲೆ, ಹಂಚು ಇಡುವ ಮೊದಲು, ಮೇಲಿನಿಂದ ಒಂದು ಚೊಂಬು ನೀರು ಸುರಿದು ನೋಡುತ್ತ ಕೂರುತ್ತಿದ್ದರು. ನೀರು ನಡುವೆಯೇ ಹರಿಯಬೇಕು. ಒಂದು ಪಕ್ಕಕ್ಕೆ ಒರಗಿತೋ, ದೋಣಿ ಕಿತ್ತು ಮತ್ತೆ ಕೂರಿಸುವುದು. ಸೋರುವ ಮನೆಯ ಪರೀಕ್ಷೆಯೂ ಹಾಗೆಯೇ. ನೀರು ತೊಟ್ಟಿಕ್ಕುವ ಜಾಗದ ನೇರಕ್ಕೆ ಮೇಲೆ ಹುಡುಕುವವನು ಹೊಸಬ. ನೀರು ಒಳಗೆ ಬರುವುದು ಒಂದು ಕಡೆ. ಪಕಾಸಿನ ಹೊಟ್ಟೆ ಹಿಡಿದು ಇಳಿದು, ಎಲ್ಲೋ ಒಂದು ಗಂಟು ಅಡ್ಡ ಸಿಕ್ಕಾಗ ಬೀಳುವುದು ಇನ್ನೊಂದು ಕಡೆ. ಆಚಾರ್ರು ಪಕಾಸಿಗೆ ಬೆರಳು ಆನಿಸಿಕೊಂಡು ತಣ್ಣಗಿರುವ ದಾರಿಯನ್ನೇ ಹಿಡಿದು ಮೇಲೆ ಹೋಗುತ್ತಿದ್ದರು. ಒಂದು ಹಂಚು ಸರಿಸಿದರೆ ಕೆಲಸ ಮುಗಿಯಿತು. ಅಷ್ಟಕ್ಕೆ ಕೂಲಿ ತೆಗೆದುಕೊಳ್ಳಲು ಸಂಕೋಚ, ಕಾಫಿ ಕುಡಿದು ಹೊರಡುತ್ತಿದ್ದರು.

ಇನ್ನು ಆಚಾರ್ತಮ್ಮ. ಮದುವೆಯಾದ ಹೊಸದರಲ್ಲಿ ಆಳು ಇಟ್ಟುಕೊಳ್ಳುವ ಶಕ್ತಿಯಿಲ್ಲದೆ, ನೂಲು ಹೊಡೆಯಲು ಇವರೇ ಜೊತೆಗೆ ಹೋಗುತ್ತಿದ್ದರಂತೆ. ಕೆಮ್ಮಣ್ಣಿನ ನೀರಲ್ಲಿ ಅದ್ದಿದ ದಾರದ ಒಂದು ತುದಿ ಆಚಾರ್ರ ಕೈಲಿ, ಇನ್ನೊಂದು ಇವರ ಹೆಬ್ಬೆರಳಡಿ. ನಡುವೆ ಎತ್ತಿ ಬಿಟ್ಟರೆ ಮರದ ಮೇಲೆ ನೆಟ್ಟನೆಯ ಕೆಂಪು ಗೆರೆ. ಎಷ್ಟೋ ವರ್ಷ ಹಾಗೆಯೇ ನಡೆಯಿತು, ಆಳುಗಳು ಬಂದ ಮೇಲೂ ಗೆರೆಗೆ ಮಾತ್ರ ಆಚಾರ್ತಮ್ಮನೇ ಬೇಕು. ನಾನೊಮ್ಮೆ ಏಕೆಂದು ಆಚಾರ್ರನ್ನು ಕೇಳಿದೆ. “ನೂಲು ಹಿಡಿ ಅಂದ್ರೆ ಎಲ್ರೂ ಎಳೀತಾರೆ ಮಾರಾಯ್ರೆ. ಇವ್ಳು ಹಿಡೀತಾಳೆ” ಎಂದರು. ಮುಂದೆ ಆಕೆಗೆ ಮಂಡಿನೋವು ಬಂದು ಹೊರಗೆ ಹೋಗುವುದು ನಿಂತ ಮೇಲೆ, ಬೇರೆಯವರ ಕೈಗೆ ನೂಲು ಕೊಡಲಿಲ್ಲ. ಆ ತುದಿಗೆ ಒಂದು ಮೊಳೆ ಹೊಡೆದುಕೊಂಡರು.

1976ರಲ್ಲಿ ಕುದುರೆಮುಖದ ಕಬ್ಬಿಣದ ಅದಿರಿನ ಕಂಪನಿ ಶುರುವಾಗಿ, ಮುಂದೆ ಅಲ್ಲಿ ಊರಿಗೆ ಊರೇ ಏಳತೊಡಗಿದಾಗ ಸೆಂಟ್ರಿಂಗ್ ಕೆಲಸಕ್ಕೆ ಬಡಗಿಗಳು ಬೇಕಾದರು. ಆಚಾರ್ರೂ ಹೋದರು. ದುಡ್ಡು ತಾರೀಖಿಗೆ ಸರಿಯಾಗಿ ಸಿಗುತ್ತಿತ್ತು, ಊರವರಿಗೆ ಹೊಟ್ಟೆಕಿಚ್ಚಾಗುವಷ್ಟು. ಸ್ವಲ್ಪ ಕಾಲದಲ್ಲೇ ಬಿಟ್ಟು ಬಂದರು. “ಅಲ್ಲಿ ನಾನು ಕಟ್ಟಿದ್ದನ್ನ ಕಾಂಕ್ರೀಟು ಗಟ್ಟಿಯಾದ ಮೇಲೆ ಕಿತ್ತು ಬಿಸಾಕ್ತಾರೆ” ಎಂಬುದು ಅವರು ಕೊಟ್ಟ ಕಾರಣ. ಆಚಾರ್ತಮ್ಮ ಹೇಳಿದ ಕಾರಣ ಬೇರೆ: “ನಾನು ರಾತ್ರಿ ಒಬ್ಳೇ ಇರ್ತೀನಿ ಅಂತ ಬಂದಿದ್ದು. ಹೇಳ್ಕಳಕ್ಕೆ ನಾಚ್ಕೆ ಅವ್ರಿಗೆ.” ಎರಡೂ ನಿಜ ಇರಬಹುದು. ಆ ಕಂಪನಿಯ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಆಚಾರ್ರು ಆಗಲೂ ಮಾಡು ಹತ್ತುತ್ತಿದ್ದರು.

ಬಡಗಿಯ ಮನೆ ಸೋರುತ್ತದೆ ಎಂದು ಲೋಕ ಆಡಿಕೊಳ್ಳುತ್ತದಲ್ಲ, ಅದನ್ನೇ ಹಿಡಿದು ಆಚಾರ್ತಮ್ಮ ಒಂದು ಆಟ ಆಡುತ್ತಿದ್ದರು. ಮುಂಗಾರಿನ ಮೊದಲ ದೊಡ್ಡ ಮಳೆ ಬಂದ ದಿನ, ಒಂದು ಹನಿಯೂ ಸೋರದಿದ್ದರೂ, ನಡುಮನೆಯಲ್ಲಿ ಒಂದು ಖಾಲಿ ಹಿತ್ತಾಳೆ ಪಾತ್ರೆ ಇಟ್ಟುಬಿಡುತ್ತಿದ್ದರು. ಆಚಾರ್ರು ಕೆಲಸ ಮುಗಿಸಿ ಬಂದವರು ಅದನ್ನು ನೋಡಿ, ತಲೆ ಎತ್ತಿ ಮಾಡು ನೋಡಿ, ಮತ್ತೆ ಪಾತ್ರೆ ನೋಡಿ, ಮಾತಾಡದೆ ಬಚ್ಚಲಿಗೆ ಹೋಗುತ್ತಿದ್ದರು. ಪ್ರತಿ ವರ್ಷ. ಮೇಲೆ ನೋಡದೆ ಒಂದು ವರ್ಷವೂ ಹೋದವರಲ್ಲ ಎಂದು ಆಕೆ ನಗುತ್ತಿದ್ದರು.

ಆಕೆಯ ಕಣ್ಣಿಗೆ ಪೊರೆ ಬಂದು ಅಕ್ಕಿಯಲ್ಲಿ ಕಲ್ಲು ಕಾಣದಂತಾದಾಗ ಆಚಾರ್ರು ಮಾಡಿನ ಮೂಡಣ ಮಗ್ಗುಲಲ್ಲಿ ಗಾಜಿನ ಹಂಚು ಹಾಕಿದರು. ಗಾಜಿನ ಹಂಚು ಎಲ್ಲರ ಮನೆಯಲ್ಲೂ ಇದೆ, ಅದರಲ್ಲೇನು ವಿಶೇಷ ಎನ್ನಬೇಡಿ. ಆಕೆ ಬೆಳಿಗ್ಗೆ ಮೊರ ಹಿಡಿದು ಎಲ್ಲಿ ಕೂರುತ್ತಾರೆ, ಆ ಹೊತ್ತಿಗೆ ಬೆಳಕು ಎಲ್ಲಿ ಬೀಳುತ್ತದೆ ಎಂದು ದಿನಗಟ್ಟಲೆ ನೋಡಿ, ನೆಲದ ಮೇಲೆ ಇದ್ದಿಲಲ್ಲಿ ಗುರುತು ಹಾಕಿ, ಬೆಳಕು ಮುಖಕ್ಕೆ ಹೊಡೆಯದೆ ಮೊರದೊಳಗೆ ಬೀಳುವ ಹಾಗೆ ಹಾಕಿದರು. ಚಳಿಗಾಲಕ್ಕೆ ಬಿಸಿಲಿನ ದಾರಿ ಸರಿದಾಗ ಹಂಚನ್ನೂ ಸರಿಸಿದರು. ಪಟ್ಟಣದಲ್ಲಿ ಆಪರೇಷನ್ ಆಗಿ ಕಣ್ಣು ಸರಿಹೋದ ಮೇಲೂ ಹಂಚು ಸರಿಸುವುದನ್ನು ಬಿಡಲಿಲ್ಲ.

ಮಂಡಿನೋವು ಜೋರಾದಾಗ ಮಂಚದಿಂದ ಬಚ್ಚಲವರೆಗೆ ಗೋಡೆಯುದ್ದಕ್ಕೂ ಹಿಡಿದುಕೊಳ್ಳಲು ಒಂದು ಗಳು ಕೂರಿಸಿದರು. ಅದಕ್ಕೆ ಆರಿಸಿದ್ದು ಹಳೇ ಕಾಫಿ ಗಿಡದ ಕಾಂಡ. ಕಾಫಿ ಮರ ಸಣ್ಣದು, ಆದರೆ ಗಟ್ಟಿ. ತೊಗಟೆ ತೆಗೆದು ಉಜ್ಜಿದರೆ ಕೈಗೆ ನಯ, ಒದ್ದೆ ಕೈಯೂ ಜಾರುವುದಿಲ್ಲ. ಉದ್ದಕ್ಕೆ ಸಿಗುವುದಿಲ್ಲ, ಹಾಗಾಗಿ ತುಂಡು ತುಂಡು ಜೋಡಿಸಿ, ಸಂದು ಅಂಗೈಗೆ ತಿಳಿಯದ ಹಾಗೆ ಕಚ್ಚು ಹಾಕಿದ್ದರು. ಎತ್ತರ ಎಷ್ಟಿರಬೇಕು ಎಂಬುದಕ್ಕೆ ಇಲ್ಲೂ ಟೇಪು ಬರಲಿಲ್ಲ. ಆಚಾರ್ತಮ್ಮನನ್ನು ಗೋಡೆಗೆ ನಿಲ್ಲಿಸಿ, ಕೈ ಇಳಿಬಿಡಿಸಿ, ನೆಲದಿಂದ ಮಣಿಕಟ್ಟಿಗೆ ಒಂದು ಬಿದಿರ ಕಡ್ಡಿ. ಹೊಸ್ತಿಲನ್ನು ತಗ್ಗಿಸಿಬಿಡಿ ಎಂದು ಮಕ್ಕಳು ಹೇಳಿದರು. ಹಲಸಿನ ಹೊಸ್ತಿಲು, ವರ್ಷ ವರ್ಷ ಅರಿಶಿನ ಕುಂಕುಮ ಕಂಡದ್ದು, ಅದಕ್ಕೆ ಗರಗಸ ಹಾಕಲು ಆಕೆ ಒಪ್ಪುವುದಿಲ್ಲ ಎಂದು ಆಚಾರ್ರಿಗೆ ಗೊತ್ತು. ಒಳಗೂ ಹೊರಗೂ ಎರಡು ಇಳಿಜಾರು ಹಲಗೆ ಮಾಡಿ ಇಟ್ಟರು. ಮಾಡಿಗೆ ವಾಟ ಕೊಟ್ಟ ಕೈ, ನೆಲಕ್ಕೂ ಕೊಟ್ಟಿತು.

ಆಚಾರ್ತಮ್ಮ ಮೊದಲು ಹೋದರು. ತಿಂಗಳ ಕಾರ್ಯವೆಲ್ಲ ಮುಗಿದ ಮೇಲೆ ಆಚಾರ್ರು ಆ ಗಳುವನ್ನು ಬಿಚ್ಚಿದರು. ಮನೆಯವರು ದುಃಖಕ್ಕೆ ಹೀಗೆ ಮಾಡುತ್ತಿದ್ದಾರೆ ಎಂದುಕೊಂಡರಂತೆ. ಪಕ್ಕದಲ್ಲಿದ್ದ ತೋಟದ ಆಳುಗಳ ಲೈನ್ ಮನೆಯಲ್ಲಿ ಒಬ್ಬ ಅಜ್ಜಿಗೆ ಸೊಂಟ ಮುರಿದು ಎದ್ದು ಓಡಾಡಲು ಕಷ್ಟವಾಗಿತ್ತು, ಅಲ್ಲಿಗೆ ಹೊತ್ತುಕೊಂಡು ಹೋದರು. ಇದ್ದ ಎತ್ತರಕ್ಕೇ ಹೊಡೆದು ಬರಬಹುದಿತ್ತು, ಎಂಬತ್ತು ಕಳೆದ ಮನುಷ್ಯ. ಆ ಅಜ್ಜಿಯನ್ನು ನಿಲ್ಲಿಸಿ ಹೊಸದಾಗಿ ಒಂದು ಕಡ್ಡಿ ಕತ್ತರಿಸಿದರು. “ಇವ್ರು ಗಿಡ್ಡ” ಎಂದರಂತೆ.

ಕಾಲ ಅವರ ಕಸುಬಿನ ಪರವಾಗಿರಲಿಲ್ಲ. ಬೆಳೆದದ್ದನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೇ ಕೊಡಬೇಕೆಂಬ ಕಟ್ಟು ತೊಂಬತ್ತರ ದಶಕದಲ್ಲಿ ಸಡಿಲವಾಗುತ್ತ ಬಂದು 1996ರಲ್ಲಿ ಪೂರ್ತಿ ಹೋಯಿತು. ನಡುವೆ 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಇಲ್ಲಿ ಕಾಫಿಗೆ ಬೆಲೆ ಏರಿತು. ಕೈಯಲ್ಲಿ ದುಡ್ಡಾಡಿದಾಗ ಬೆಳೆಗಾರರು ಮಾಡಿದ ಮೊದಲ ಕೆಲಸ ಹಂಚು ಇಳಿಸಿ ತಾರಸಿ ಹಾಕಿದ್ದು. ಕೆಲವೇ ಮಳೆಗಾಲದಲ್ಲಿ ತಾರಸಿ ಪಾಚಿಗಟ್ಟಿತು, ಗೋಡೆ ಬೆವರಿತು, ಈಗ ಮೂಡಿಗೆರೆಯಿಂದ ಕಳಸದವರೆಗೆ ದಾರಿಯುದ್ದಕ್ಕೂ ನೋಡಿ, ತಾರಸಿಯ ಮೇಲೆ ಕಬ್ಬಿಣದ ಕಂಬ ನೆಟ್ಟು ತಗಡು ಹೊದಿಸಿದ್ದಾರೆ. “ತಾರ್ಸಿಗೂ ಕೊಡೆ ಬೇಕಾಯ್ತಲ್ಲ” ಎಂದು ಆಚಾರ್ರು ಅಂದದ್ದುಂಟು, ನಗದೆ. ಇಳಿಸಿದ ಆ ಹಂಚನ್ನೇ ಈಗ ಹೋಂಸ್ಟೇಯವರು ಹುಡುಕಿಕೊಂಡು ಬರುತ್ತಾರೆ. ಚೆಂದಕ್ಕೆ ಅಂತ, ತಗಡಿನ ಮೇಲೆ ಹಂಚು ಜೋಡಿಸುವವರೂ ಇದ್ದಾರೆ. ಕೆಳಗೆ ತಗಡಿದ್ದರೆ ಹಂಚು ಹೇಗೆ ಕೂತರೂ ನಡೆಯುತ್ತದೆ, ಕೆಲಸ ಕಲಿಯಬೇಕಾದ್ದೇ ಇಲ್ಲ. ನನ್ನ ಮಟ್ಟಿಗೆ ಅದು ಮಾಡು ಅಲ್ಲ, ಮಾಡಿನ ವೇಷ.

ಮಂಗ ಓಡಾಡಿ ಒಡೆದ ಹಂಚು, ಸಂದಿಗೆ ಸೇರಿದ ತರಗು, ಜರುಗಿದ ಕೋಡುಹಂಚು ಇವನ್ನೆಲ್ಲ ಸರಿಮಾಡಿ ಇಡೀ ಮಾಡಿಗೆ ಒಮ್ಮೆ ಕೈಯಾಡಿಸುವವರು ಈಗ ನಮ್ಮ ಕಡೆ ಬೆರಳೆಣಿಕೆಯಷ್ಟು ಮಂದಿ. ಅವರಲ್ಲಿ ಇಬ್ಬರು ಮೂವರು ಆಚಾರ್ರ ಕೈಕೆಳಗೆ ಹಂಚು ಎತ್ತಿಕೊಟ್ಟು ಕಲಿತವರು. ಹೂಮಳೆ ಬಿದ್ದು ಕಾಫಿ ಹೂವಾದ ಕೂಡಲೇ ಅವರಿಗೆ ಹೇಳಿಬಿಡಿ, ಮೇ ತಿಂಗಳವರೆಗೆ ಕಾಯಬೇಡಿ, ಆಮೇಲೆ ಸಿಗುವುದಿಲ್ಲ. ಐವತ್ತೋ ಅರವತ್ತೋ ಹಳೇ ಹಂಚು ಕೊಟ್ಟಿಗೆಯ ಮೂಲೆಯಲ್ಲಿ ಇದ್ದರೆ ಮಾರಬೇಡಿ, ಅದೇ ಕಾರ್ಖಾನೆಯದು ಮತ್ತೆ ಸಿಗುವುದು ಕಷ್ಟ. ಮಾಡು ಹತ್ತಿದವರು ಗೋಡೆಯ ಮೇಲೊಂದು ಬಿದಿರ ಕಡ್ಡಿ ಸಿಕ್ಕಿತು, ಎಸೆಯಲೇ ಎಂದು ಕೇಳಿದರೆ ಇದ್ದಲ್ಲೇ ಇರಲಿ ಎನ್ನಿ. ರೀಪು ಬದಲಿಸುವ ದಿನ ಬೇಕಾಗುತ್ತದೆ.