ಸಮಾಜ ಪಾಠ ಊರಿಂದ ಶುರುವಾಗಲಿ

ಬಂಧುಗಳೇ, ಟೀಚರುಗಳೇ, ಮೇಷ್ಟ್ರುಗಳೇ,

ಸಮಾಜ ಪಾಠ ಅಂದ್ರೆ ಮಕ್ಕಳು ಆಕಳಿಸ್ತಾರೆ ಅಂತ ನಾವೆಲ್ಲ ದೂರ್ತೀವಿ. ರಾಜ ಯಾವಾಗ ಪಟ್ಟಕ್ಕೆ ಬಂದ, ಎಷ್ಟು ಗುಡಿ ಕಟ್ಟಿಸಿದ ಅನ್ನೋದನ್ನೇ ಉರು ಹೊಡೆಸಿದ್ರೆ ಆಕಳಿಸದೆ ಏನು ಮಾಡ್ತಾರೆ? ಆ ಗುಡಿಗೆ ಕಲ್ಲು ಹೊತ್ತವರು ಯಾರು ಅಂತ ಒಂದು ಸಲ ಕೇಳಿ ನೋಡಿ. ನಿದ್ದೆ ಹಾರಿಹೋಗುತ್ತೆ.

ಪುಸ್ತಕ ತೆರೆಯೋ ಮೊದಲು ಶಾಲೆ ಅಂಗಳದ ಮಣ್ಣಲ್ಲಿ ಮಕ್ಕಳಿಂದ ಊರು ಬರೆಸಿ. ಗುಡಿ, ಕೆರೆ, ನಲ್ಲಿ, ಹೋಟ್ಲು, ಸ್ಮಶಾನ, ಕೇರಿ ಎಲ್ಲಾ ಬರಲಿ. ಹುಣಸೆ ಬೀಜ ಇಟ್ಟು ಮನೆ ಎಣಿಸಲಿ. ದಿಕ್ಕು, ಅಳತೆ, ನಕ್ಷೆ ಇದರಲ್ಲೇ ಕಲೀತಾರೆ. ಕೇರಿ ಯಾಕೆ ಊರಾಚೆ ಇದೆ ಅಂತ ಅವರೇ ಕೇಳ್ತಾರೆ.

ಒಂದು ಎಚ್ಚರಿಕೆ. ನಮ್ಮ ಮಗುವನ್ನ ಎದ್ದು ನಿಲ್ಲಿಸಿ 'ನಿಂದು ಯಾವ ಜಾತಿ, ನಿಮ್ಮಪ್ಪ ಏನು ಮಾಡ್ತಾನೆ' ಅನ್ನೋದನ್ನ ಯಾರೂ ಪಾಠ ಅಂತ ಕರೀಬಾರದು. ಅದು ಅವಮಾನ. ಉತ್ತರ ಕೊಡಬೇಕಾದ್ದು ಊರು.

ಆಮೇಲೆ ಇತಿಹಾಸಕ್ಕೆ ಬನ್ನಿ. ಮಹಾರಾಷ್ಟ್ರದ ಮಹಾಡಿನ ಚವದಾರ್ ಕೆರೆ ಕಥೆ ಹೇಳಿ. ಸಾರ್ವಜನಿಕ ಕೆರೆ ಬಾವಿಗಳನ್ನ ಅಸ್ಪೃಶ್ಯರೂ ಬಳಸಬಹುದು ಅಂತ 1923ರಲ್ಲಿ ಮುಂಬಯಿ ಪ್ರಾಂತ್ಯದ ಶಾಸನ ಸಭೆ ನಿರ್ಣಯ ಮಾಡಿತು. 1924ರಲ್ಲಿ ಮಹಾಡ್ ಪುರಸಭೆಯೂ ಕೆರೆ ಎಲ್ಲರಿಗೂ ಅಂತು. ಆದರೂ ನೀರು ಸಿಗಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದುಹೋಗಿ ಆ ನೀರು ಕುಡಿದರು. ಅವತ್ತೇ ನಮ್ಮವರನ್ನ ಹೊಡೆದರು. ಸವರ್ಣೀಯರು ಕೋರ್ಟಿಗೆ ಹೋದರು. ಹೈಕೋರ್ಟು ನಮ್ಮ ಪರ ತೀರ್ಪು ಕೊಟ್ಟದ್ದು 1937ರಲ್ಲಿ.

ಇಲ್ಲಿ ನಿಲ್ಲಿಸಿ ಕೇಳಿ: ನಿರ್ಣಯದಿಂದ ತೀರ್ಪಿಗೆ ಎಷ್ಟು ವರ್ಷ? ಮಕ್ಕಳು ಬೆರಳು ಮಡಚಿ 14 ಅಂತಾರೆ. ಕಾಗದದಲ್ಲಿದ್ದ ನೀರು ಬೊಗಸೆಗೆ ಯಾಕೆ ಬರಲಿಲ್ಲ? ತಡೆದವರು ಯಾರು? ಇದನ್ನೇ ನಾಟಕ ಮಾಡಿಸಿ. ಒಬ್ಬ ಪುರಸಭೆ ಮೆಂಬರಾಗಲಿ, ಒಬ್ಬಳು ಜಡ್ಜಾಗಲಿ. ತಡೆಸಿಕೊಳ್ಳೋ ಪಾತ್ರ ಮಾತ್ರ ನಮ್ಮ ಮಕ್ಕಳಿಗೇ ಕಟ್ಟಬೇಡಿ. ಗೌಡರ ಮಗನೂ ಒಂದು ದಿನ ಆ ಕೆರೆ ದಂಡೆ ಮೇಲೆ ಬಾಯಾರಿ ನಿಲ್ಲಲಿ.

ಕೊನೆಗೆ 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೇ ವಿಧಿ ಓದಿಸಿ. ಅಸ್ಪೃಶ್ಯತೆ ರದ್ದಾಗಿದೆ ಅಂತ ಅದು ಹೇಳುತ್ತೆ. ನಮ್ಮ ಊರಿನ ಹೋಟ್ಲಲ್ಲಿ, ಗುಡೀಲಿ, ಸ್ಮಶಾನದಲ್ಲಿ ರದ್ದಾಗಿದೆಯಾ? ಮಣ್ಣಲ್ಲಿ ಬರೆದ ಊರಿನ ಮುಂದೆ ನಿಂತು ಮಕ್ಕಳೇ ಹೇಳಲಿ.

ಇದನ್ನ ಶಾಲೇಲಿ ಮಾಡೋಕೆ ಬಿಡದಿದ್ರೆ, ಓದಿದ ಹುಡುಗ ಹುಡುಗೀರು ಸಂಜೆ ಹೊತ್ತು ಕೇರೀಲೇ ಮಾಡೋಣ. ಬೇಕಾದ್ದು ಒಂದು ಹಿಡಿ ಹುಣಸೆ ಬೀಜ, ಒಂದು ಸಂವಿಧಾನದ ಪುಸ್ತಕ.

ಜೈ ಭೀಮ್.