ಪವಿತ್ರ ಶಿಲುಬೆಯ ಮರ



ಭರತನು ಅಣ್ಣನ ಪಾದುಕೆಗಳನ್ನು ಸಿಂಹಾಸನದ ಮೇಲಿರಿಸಿ ರಾಜ್ಯವನ್ನು ನಡೆಸಿದ ಕಥೆ ನಮ್ಮೆಲ್ಲರಿಗೂ ತಿಳಿದುದೇ. ಆ ಪಾದುಕೆಗಳ ಬೆಲೆಯೆಷ್ಟೆಂದು ನಾವು ಕೇಳುವುದಿಲ್ಲ. ಯಾರ ಅಡಿಗಳನ್ನು ಅವು ಸೋಕಿದುವು ಎಂಬುದೊಂದೇ ನಮಗೆ ಮುಖ್ಯ. ಕ್ರೈಸ್ತ ಜಗತ್ತಿನಲ್ಲಿ ಇಂತಹುದೇ ಗೌರವವನ್ನು ಪಡೆದ ವಸ್ತುವೊಂದುಂಟು. ಯೇಸುಕ್ರಿಸ್ತನನ್ನು ಏರಿಸಿದ ಶಿಲುಬೆಯದೆಂದು ಭಕ್ತರು ನಂಬುವ ಮರವೇ ಅದು. ಅದರ ಕಥೆಯನ್ನು ಈ ಸಂಜೆ ಸ್ವಲ್ಪಮಟ್ಟಿಗೆ ವಿಚಾರಮಾಡೋಣ.

ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನನ ತಾಯಿ ಹೆಲೆನಾ ಮುಪ್ಪಿನಲ್ಲಿ, ಸುಮಾರು ಕ್ರಿ.ಶ. 326ರಲ್ಲಿ, ಪ್ಯಾಲೆಸ್ಟೈನಿಗೆ ಯಾತ್ರೆ ಹೋದಳು. ಜೆರೂಸಲೇಮಿನಲ್ಲಿ ಆಕೆ ನೆಲವನ್ನು ಅಗೆಸಿದಾಗ ಮೂರು ಶಿಲುಬೆಗಳು ದೊರೆತುವಂತೆ. ಒಂದೊಂದನ್ನೇ ರೋಗಿಷ್ಠೆಯೊಬ್ಬಳಿಗೆ ಸೋಕಿಸಲಾಗಿ, ಯಾವುದರಿಂದ ಆಕೆ ಗುಣಹೊಂದಿದಳೋ ಅದೇ ಕ್ರಿಸ್ತನದೆಂದು ನಿಶ್ಚಯವಾಯಿತಂತೆ. ಕಥೆ ಮನೋಹರವಾಗಿದೆ. ಆದರೆ ಆ ಯಾತ್ರೆಯನ್ನು ಬಣ್ಣಿಸಿದ ಸಮಕಾಲೀನ ಯೂಸೀಬಿಯಸ್ ಈ ಮಾತನ್ನೇ ಎತ್ತುವುದಿಲ್ಲ. ಹೆಲೆನಾ ಶಿಲುಬೆಯನ್ನು ಕಂಡುಹಿಡಿದಳೆಂಬುದು ನಮಗೆ ಮೊದಲು ಕೇಳಿಬರುವುದು 395ರಲ್ಲಿ, ಮಿಲಾನಿನ ಬಿಷಪ್ ಅಂಬ್ರೋಸನ ಭಾಷಣದಲ್ಲಿ.

ಹೀಗಿದ್ದರೂ ನಾಲ್ಕನೆಯ ಶತಮಾನದಲ್ಲಿ ಜೆರೂಸಲೇಮಿನಲ್ಲಿ ಅಂತಹ ಮರವೊಂದು ಪೂಜೆಗೊಳ್ಳುತ್ತಿದ್ದುದು ನಿಸ್ಸಂದೇಹ. ಆ ಶತಮಾನದ ಕೊನೆಯ ಭಾಗದಲ್ಲಿ ಅಲ್ಲಿಗೆ ಹೋದ ಎಜೀರಿಯಾ ಎಂಬ ಯಾತ್ರಿಕಳು ಶುಭಶುಕ್ರವಾರದ ದರ್ಶನವನ್ನು ಕಣ್ಣಿಗೆ ಕಟ್ಟುವಂತೆ ಬರೆದಿದ್ದಾಳೆ. ಬಿಷಪ್ಪರು ಮರದ ತುದಿಗಳನ್ನು ಎರಡು ಕೈಗಳಿಂದಲೂ ಬಿಗಿಯಾಗಿ ಹಿಡಿದಿರುವರು, ಜನರು ಸಾಲಾಗಿ ಬಂದು ಬಾಗಿ ಮುತ್ತಿಡುವರು, ಸುತ್ತಲೂ ಕಾವಲು. ಏಕೆಂದರೆ ಹಿಂದೊಮ್ಮೆ ಯಾರೋ ಮುತ್ತಿಡುವ ನೆಪದಲ್ಲಿ ಒಂದು ಚೂರನ್ನು ಹಲ್ಲಿನಿಂದ ಕಚ್ಚಿ ಕದ್ದೊಯ್ದಿದ್ದರಂತೆ! ಭಕ್ತಿಯೂ ಆಶೆಯೂ ಎಷ್ಟು ಹತ್ತಿರದ ನೆಂಟರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ವ್ಯಕ್ತಿಗಳ ಆಶೆ ಮುಂದೆ ರಾಜ್ಯಗಳ ಆಶೆಯಾಯಿತು. 614ರಲ್ಲಿ ಪಾರಸಿಕರು ಜೆರೂಸಲೇಮನ್ನು ಗೆದ್ದು ಶಿಲುಬೆಯನ್ನು ಒಯ್ದರು. ಚಕ್ರವರ್ತಿ ಹೆರಾಕ್ಲಿಯಸ್ ಅವರನ್ನು ಸೋಲಿಸಿ, 630ರಲ್ಲಿ ಅದನ್ನು ಮರಳಿ ತಂದನು. ಐತಿಹ್ಯವು ಹೇಳುವಂತೆ, ರಾಜವೈಭವದಿಂದ ಬಂದ ಆತನಿಗೆ ನಗರದ್ವಾರವನ್ನು ದಾಟಲಾಗಲಿಲ್ಲ. ಕಿರೀಟವನ್ನೂ ಪೀತಾಂಬರವನ್ನೂ ಕಳಚಿ, ಬರಿಗಾಲಿನಲ್ಲಿ ನಿಂತ ಮೇಲೆಯೇ ದಾರಿ ಬಿಟ್ಟಿತು. ಇದು ನಡೆಯಿತೋ ಇಲ್ಲವೋ, ಹೇಳಿದವರ ಅಭಿಪ್ರಾಯವಂತೂ ಸ್ಪಷ್ಟ: ಅವಮಾನದ ಮರವನ್ನು ಅಹಂಕಾರವು ಹೊರಲಾರದು.

ಈ ಪಾಠವನ್ನು ಮುಂದಿನವರು ಮರೆತರು. ಧರ್ಮಯುದ್ಧಗಳ ಕಾಲದ ಜೆರೂಸಲೇಮಿನ ಕ್ರೈಸ್ತ ಅರಸರು ಶಿಲುಬೆಯ ತುಂಡೊಂದನ್ನು ಜಯಧ್ವಜದಂತೆ ರಣರಂಗಕ್ಕೆ ಒಯ್ಯುತ್ತಿದ್ದರು. 1187ರ ಜುಲೈ 4ರಂದು ಹತ್ತೀನಿನಲ್ಲಿ ಸಲಾದಿನನು ಅವರ ಸೇನೆಯನ್ನು ನುಚ್ಚುನೂರುಮಾಡಿದನು. ಅದನ್ನು ಹೊತ್ತಿದ್ದ ಆಕ್ರೆಯ ಬಿಷಪ್ ಮಡಿದನು, ದೊರೆ ಸೆರೆಯಾದನು, ಶಿಲುಬೆಯೂ ಶತ್ರುವಶವಾಯಿತು. ಸಂಧಾನಗಳಲ್ಲಿ ಎಷ್ಟು ಬೇಡಿದರೂ ಅದು ಹಿಂದಿರುಗಲಿಲ್ಲ.

ಬೇರೆ ಚೂರುಗಳು ಆ ವೇಳೆಗಾಗಲೇ ಯೂರೋಪಿನ ದೇವಾಲಯಗಳನ್ನು ಸೇರಿದ್ದುವು. ಎಲ್ಲವನ್ನೂ ಕೂಡಿಸಿದರೆ ಹಡಗು ತುಂಬೀತೆಂದು ಹದಿನಾರನೆಯ ಶತಮಾನದಲ್ಲಿ ಕ್ಯಾಲ್ವಿನನು ಹಾಸ್ಯಮಾಡಿದನು. 1870ರಲ್ಲಿ ಫ್ರಾನ್ಸಿನ ರೋಹೋ ದ ಫ್ಲೂರಿ ಎಂಬ ವಿದ್ವಾಂಸನು ತನಗೆ ತಿಳಿದ ಚೂರುಗಳನ್ನೆಲ್ಲ ಲೆಕ್ಕಹಾಕಿದನು. ಒಟ್ಟು ನಾಲ್ಕು ಸಾವಿರ ಘನ ಸೆಂಟಿಮೀಟರನ್ನೂ ಮುಟ್ಟಲಿಲ್ಲ. ಇಡೀ ಶಿಲುಬೆಯ ನೂರರಲ್ಲಿ ಮೂರು ಪಾಲೂ ಆಗದು! ಇದರಿಂದ ಹಾಸ್ಯ ಸೋತಿತೇ ಹೊರತು, ಆ ಚೂರುಗಳು ನಿಜವಾದುವೆಂದು ಸಿದ್ಧವಾಗಲಿಲ್ಲ.

2023ರ ಮೇ 6ರಂದು ಇಂಗ್ಲೆಂಡಿನ ಚಾರ್ಲ್ಸ್ ದೊರೆಯ ಪಟ್ಟಾಭಿಷೇಕದಲ್ಲಿಯೂ ಪೋಪ್ ಫ್ರಾನ್ಸಿಸರು ಕಳುಹಿಸಿದ್ದ ಎರಡು ಚೂರುಗಳು ಮೆರವಣಿಗೆಯ ಮುಂದಿದ್ದುವು. ಚರಿತ್ರೆಕಾರನ ಸಂಶಯವನ್ನು ನಾವು ಬಿಡಬೇಕಾಗಿಲ್ಲ. ಭಕ್ತನ ಕೈಮುಗಿತವನ್ನು ಹಳಿಯಬೇಕಾಗಿಯೂ ಇಲ್ಲ. ತನ್ನದಾಗಿಸಿಕೊಳ್ಳಬೇಕೆಂದವರ ಕೈಯಿಂದ ಆ ಮರವು ಜಾರಿಹೋಯಿತು. ಬಾಗಿದವರ ಮನಸ್ಸಿನಲ್ಲಿ ಉಳಿಯಿತು. ಭರತನು ಪಾದುಕೆಗಳನ್ನು ತಲೆಯ ಮೇಲೆ ಹೊತ್ತನೇ ಹೊರತು, ಕಾಲಿಗೆ ಮೆಟ್ಟಿಕೊಳ್ಳಲಿಲ್ಲವಷ್ಟೆ.