ನಕ್ಷತ್ರದ ಅಚ್ಚುಕಟ್ಟು

(ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಹೆಸರಿನಲ್ಲಿ ಕತ್ತಲೆಯೂ ಕೆರೆಯೂ ಒಟ್ಟಿಗೇ ಕೇಳಿಸುವ ಊರು ನಿಮ್ಮದು. ಇವತ್ತಿನ ವಿಷಯಕ್ಕೆ ಎರಡೂ ಬೇಕು. ನಕ್ಷತ್ರಗಳು ಕಾಣಬೇಕಾದರೆ ಕತ್ತಲೆ ಬೇಕು. ಅವುಗಳ ಸುತ್ತ ಜೀವಿಗಳಿರಬಹುದೇ ಎಂದು ಕೇಳಿದರೆ ಮೊದಲು ಬರುವುದು ನೀರಿನ ಮಾತು.

ಸೂರ್ಯನನ್ನು ಬಿಟ್ಟು ಬೇರೆ ನಕ್ಷತ್ರಗಳನ್ನು ಸುತ್ತುವ ಗ್ರಹಗಳನ್ನು ಹೊರಗ್ರಹಗಳು ಎನ್ನುತ್ತಾರೆ. ಸೂರ್ಯನಂಥ ನಕ್ಷತ್ರದ ಸುತ್ತ ಇಂಥದೊಂದು ಗ್ರಹ ಮೊದಲು ಪತ್ತೆಯಾದದ್ದು 1995ರಲ್ಲಿ. 2025ರ ಸೆಪ್ಟೆಂಬರ್ ಹೊತ್ತಿಗೆ ಪಟ್ಟಿ 6000 ಮುಟ್ಟಿತು. ಇಷ್ಟರಲ್ಲಿ ಜೀವಕ್ಕೆ ಒಗ್ಗುವ ನೆಲ ಯಾವುದು?

ಇಲ್ಲಿಯೇ ‘ವಾಸಯೋಗ್ಯ ವಲಯ’ ಎಂಬ ಕಲ್ಪನೆ ಬರುತ್ತದೆ. ಇದನ್ನು ನಾನು ನಕ್ಷತ್ರದ ಅಚ್ಚುಕಟ್ಟು ಎಂದು ಕರೆಯುತ್ತೇನೆ. ಭದ್ರಾ ನಾಲೆಯ ನೀರು ಎಲ್ಲಿಂದ ಎಲ್ಲಿಯವರೆಗೆ ಹರಿಯುತ್ತದೆಂದು ನೀವು ಬಲ್ಲಿರಿ. ನಕ್ಷತ್ರದಿಂದ ಹರಿಯುವುದು ಶಾಖ. ತೀರಾ ಹತ್ತಿರವಿದ್ದರೆ ನೀರು ಆವಿಯಾಗಿ ಹೋಗುತ್ತದೆ, ತೀರಾ ದೂರವಿದ್ದರೆ ಹೆಪ್ಪುಗಟ್ಟುತ್ತದೆ. ನಡುವಿನ ಪಟ್ಟಿಯಲ್ಲಿ ಮಾತ್ರ ನೆಲದ ಮೇಲೆ ನೀರು ನೀರಾಗಿಯೇ ನಿಲ್ಲಬಲ್ಲದು. ರವಿಕುಮಾರ್ ಕೊಪ್ಪರಪು ಮತ್ತು ಸಂಗಡಿಗರು 2013ರಲ್ಲಿ ಲೆಕ್ಕ ಹಾಕಿದಂತೆ ನಮ್ಮ ಸೂರ್ಯನ ಅಚ್ಚುಕಟ್ಟು ಸುಮಾರು 14.8 ಕೋಟಿ ಕಿಲೋಮೀಟರಿನಿಂದ 25 ಕೋಟಿ ಕಿಲೋಮೀಟರಿನವರೆಗೆ. ಭೂಮಿ ಇರುವುದು ಸುಮಾರು 15 ಕೋಟಿಯಲ್ಲಿ. ಅಂದರೆ ತಲೆಭಾಗದಲ್ಲಿ, ಒಳಗಡಿಗೆ ತಾಗಿಕೊಂಡೇ! ಗಾಳಿಯ ಚಲನೆಯನ್ನೂ ಸೇರಿಸಿಕೊಂಡ ಬೇರೆ ಲೆಕ್ಕಗಳು ಆ ಗಡಿಯನ್ನು ಸೂರ್ಯನತ್ತ ಇನ್ನೂ ಸ್ವಲ್ಪ ಸರಿಸಿವೆ. ಆದರೂ ನಮಗೆ ಒಳಗಡಿಯೇ ಹತ್ತಿರ.

ಆದರೆ ನಕ್ಷೆಯಲ್ಲಿ ಅಚ್ಚುಕಟ್ಟು ಎಂದು ಬರೆದ ಮಾತ್ರಕ್ಕೆ ಗದ್ದೆಗೆ ನೀರು ಬಂದೀತೇ? ಕೊನೆಭಾಗದ ರೈತರನ್ನು ಕೇಳಿ. ಮಂಗಳ ಗ್ರಹ 22.8 ಕೋಟಿ ಕಿಲೋಮೀಟರ್ ದೂರದಲ್ಲಿದೆ. ಲೆಕ್ಕದ ಪ್ರಕಾರ ವಲಯದ ಒಳಗೇ. ಹಿಂದೆ ಅಲ್ಲಿ ನದಿಗಳು ಹರಿದ ಗುರುತುಗಳಿವೆ. ಆದರೆ ಗ್ರಹ ಚಿಕ್ಕದು, ಗಾಳಿಯನ್ನು ಹಿಡಿದಿಡಲಾರದೆ ಬಹುಪಾಲು ಕಳೆದುಕೊಂಡಿತು. ಇಂದು ಅಲ್ಲಿನ ವಾಯುವಿನ ಒತ್ತಡ ನಮ್ಮದರ ನೂರರಲ್ಲಿ ಒಂದು ಪಾಲೂ ಇಲ್ಲ. ಚಂದ್ರನಂತೂ ಸೂರ್ಯನಿಂದ ನಮ್ಮಷ್ಟೇ ದೂರದಲ್ಲಿದ್ದಾನೆ. ಹೊದ್ದುಕೊಳ್ಳಲು ಗಾಳಿಯ ಕಂಬಳಿಯಿಲ್ಲದೆ ಬರಡಾಗಿದ್ದಾನೆ. ಈ ಕಂಬಳಿ ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆಯೂ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು. ಕಂಬಳಿ ಅತಿಯಾದರೂ ಕಷ್ಟ. ಇಂಗಾಲದ ಡೈಆಕ್ಸೈಡನ್ನು ದಟ್ಟವಾಗಿ ಹೊದ್ದ ಶುಕ್ರದಲ್ಲಿ 460 ಡಿಗ್ರಿ ಕಾವು, ಸೀಸ ಕರಗುವಷ್ಟು.

ಇನ್ನು ದೂರದ ಉದಾಹರಣೆ. ಕುಂಭ ರಾಶಿಯಲ್ಲಿ, 40 ಜ್ಯೋತಿರ್ವರ್ಷ ಆಚೆ, ಟ್ರ್ಯಾಪಿಸ್ಟ್-1 ಎಂಬ ಮಂಕು ಕೆಂಪು ನಕ್ಷತ್ರವಿದೆ. ಬರಿಗಣ್ಣಿಗೆ ಕಾಣದು. ಅದರ ಬೆಳಕು ಆಗಾಗ್ಗೆ ಶೇಕಡಾ ಒಂದಕ್ಕಿಂತಲೂ ಕಡಿಮೆ ಕುಗ್ಗುವುದನ್ನು ಗಮನಿಸಿ, ಎದುರಿಗೆ ಗ್ರಹಗಳು ಹಾದುಹೋಗುತ್ತಿವೆ ಎಂದು ತಿಳಿದರು. 2016ರಲ್ಲಿ ಮೂರು ಗ್ರಹ, 2017ರಲ್ಲಿ ಒಟ್ಟು ಏಳು. 2016ರ ಆ ಶೋಧಕ್ಕೆ ನೆರವಾದ ದೂರದರ್ಶಕಗಳಲ್ಲಿ ಲಡಾಖಿನ ಹಾನ್ಲೆಯ ಹಿಮಾಲಯನ್ ಚಂದ್ರ ದೂರದರ್ಶಕವೂ ಒಂದು. ಸುಮಾರು 4500 ಮೀಟರ್ ಎತ್ತರದಲ್ಲಿರುವ ಆ 2 ಮೀಟರ್ ಕನ್ನಡಿಯನ್ನು ಭಾರತೀಯ ಖಭೌತ ಸಂಸ್ಥೆಯವರು ಉಪಗ್ರಹದ ಮೂಲಕ ನಡೆಸುವುದು ನಮ್ಮ ಹೊಸಕೋಟೆಯಲ್ಲಿ ಕುಳಿತು!

ಏಳರಲ್ಲಿ ಮೂರು ಗ್ರಹಗಳು ಅಚ್ಚುಕಟ್ಟಿನಲ್ಲಿವೆ. ನಕ್ಷತ್ರ ಮಂಕಾದ್ದರಿಂದ ಅದರ ಅಚ್ಚುಕಟ್ಟೂ ಒಲೆಯ ಪಕ್ಕದಲ್ಲೇ. ಆ ಮೂರರಲ್ಲಿ ಒಳಗಿನ ಗ್ರಹಕ್ಕೆ ಒಂದು ವರ್ಷವೆಂದರೆ ಆರು ದಿನ. ಇಷ್ಟು ಹತ್ತಿರವಿರುವ ಗ್ರಹಗಳು ಒಂದೇ ಮುಖವನ್ನು ಸದಾ ನಕ್ಷತ್ರಕ್ಕೆ ತೋರಿಸುತ್ತಿರುವ ಸಂಭವ ಹೆಚ್ಚು. ಜೊತೆಗೆ ಇಂಥ ನಕ್ಷತ್ರಗಳ ಜ್ವಾಲೆಗಳು ಗಾಳಿಯನ್ನೇ ಕಿತ್ತೊಯ್ಯಬಲ್ಲವು. 2023ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ಅಲ್ಲಿನ ಅತಿ ಒಳಗಿನ ಗ್ರಹವನ್ನು ನೋಡಿತು. ಗಮನಾರ್ಹ ವಾತಾವರಣದ ಸುಳಿವು ಸಿಗಲಿಲ್ಲ. ಅಚ್ಚುಕಟ್ಟಿನ ಗ್ರಹಗಳ ಪರೀಕ್ಷೆ ಇನ್ನೂ ಮುಗಿದಿಲ್ಲ.

ಅಚ್ಚುಕಟ್ಟಿನ ಹೊರಗೆಲ್ಲ ಬರಡು ಎನ್ನುವಂತೆಯೂ ಇಲ್ಲ. ಜಗಳೂರಿನ ಕಡೆ ನಾಲೆಯಿಲ್ಲದೆ ಕೊಳವೆಬಾವಿ ನಂಬಿದವರಿಲ್ಲವೇ? ಗುರುವಿನ ಚಂದ್ರ ಯೂರೋಪಾ, ಶನಿಯ ಚಂದ್ರ ಎನ್ಸೆಲಾಡಸ್ ಹಾಗೆಯೇ. ಮೇಲೆ ಹಿಮ, ಅಡಿಯಲ್ಲಿ ಸಾಗರ. ಅವುಗಳಿಗೆ ಕಾವು ಕೊಡುವುದು ಸೂರ್ಯನಲ್ಲ, ತಾಯಿಗ್ರಹದ ಎಳೆತ. ಎನ್ಸೆಲಾಡಸ್‌ನ ಬಿರುಕುಗಳಿಂದ ನೀರು ಚಿಮ್ಮುವುದನ್ನು ಕ್ಯಾಸಿನಿ ನೌಕೆ 2005ರಲ್ಲಿ ಕಂಡಿತು.

ಇದರಿಂದ ನಮಗೇನು ಎಂದು ಕೇಳಬಹುದು. ಟ್ರ್ಯಾಪಿಸ್ಟ್-1ಕ್ಕೆ ಹೋಗಲು, ಸೆಕೆಂಡಿಗೆ 17 ಕಿಲೋಮೀಟರ್ ಓಡುವ ವಾಯೇಜರ್-1ರ ವೇಗದಲ್ಲಿ, 7 ಲಕ್ಷ ವರ್ಷ ಬೇಕು. ಈ ಜಮೀನು ಕೆಟ್ಟರೆ ಬೇರೆ ಜಮೀನು ನೋಡೋಣ ಎನ್ನುವಂತಿಲ್ಲ. ಇತ್ತ ನಮ್ಮ ಕಂಬಳಿ ದಪ್ಪವಾಗುತ್ತಿದೆ. ಕೈಗಾರಿಕಾ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 280 ಪಾಲಿದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ. ಇದರಿಂದ ಭೂಮಿ ಶುಕ್ರವಾಗಿಬಿಡುವುದಿಲ್ಲ. ಆದರೆ ಬೆಳೆ ಹಾಳಾಗಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಮಳೆ ಒಂದು ತಿಂಗಳು ತಪ್ಪಿದರೆ ಸಾಕು.

ಸೂಳೆಕೆರೆಯಂಥ ದೊಡ್ಡ ಕೆರೆ ಇರುವ ತಾಲ್ಲೂಕಿನವರಿಗೆ ಒಂದು ಮಾತು ಹೇಳಿಕೊಡಬೇಕಿಲ್ಲ. ಕೆರೆಗೆ ಜಾಗ ಒದಗಿಬಂದರೆ ಸಾಲದು, ಏರಿ ಗಟ್ಟಿಯಿರಬೇಕು. ಭೂಮಿಗೆ ಜಾಗ ತಾನಾಗಿ ಸಿಕ್ಕಿದೆ. ಅದರ ಏರಿ ಈ ಗಾಳಿ. ಅದನ್ನು ನೋಡಿಕೊಳ್ಳುವ ಸರದಿ ಈಗ ನಮ್ಮದು.